ಖರ್ಚಿನ ಚೀಟಿ, ಗಂಜಿನ ಬೆಲೆ

ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ದೂರನ್ನು ಹೊತ್ತು ತಂದಿವೆ: "ನನಗೆ ಇಷ್ಟು ಖರ್ಚು ಬಿದ್ದಿದೆ, ಅಷ್ಟು ಬೆಲೆಯಾದರೂ ಏಕೆ ಸಿಗುವುದಿಲ್ಲ?" ಪಿಯು ಮಕ್ಕಳಿಗೆ ಅರ್ಥಶಾಸ್ತ್ರ ಕಲಿಸುತ್ತಿದ್ದ ಕಾಲದಲ್ಲೂ ತರಗತಿ ಕಾವೇರುತ್ತಿದ್ದುದು ಇದೇ ಪ್ರಶ್ನೆಗೆ. ನಮ್ಮ ತಂದೆ ಕಲಬುರಗಿಯ ಗಂಜಿನಲ್ಲಿ, ಅಂದರೆ ಕೃಷಿ ಮಾರುಕಟ್ಟೆಯಲ್ಲಿ, ದಲಾಲಿಗೆ ಮಾಲು ಮಾರಿಕೊಡುವ ಅಡತಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಮುನೀಮರಾಗಿದ್ದರು. ಹಾಗಾಗಿ ಬೇಡಿಕೆ, ಪೂರೈಕೆಗಳ ರೇಖೆಗಳನ್ನು ನೋಡುವ ಮೊದಲೇ ನಾನು ಕಿರ್ದಿ ನೋಡಿದವಳು. ಉತ್ತರಗಳಲ್ಲಿ ಗಂಜಿನ ಧೂಳು ಸ್ವಲ್ಪ ಹೆಚ್ಚಾದರೆ ಸಹಿಸಿಕೊಳ್ಳಿ.

"ಮೇಡಂ, ನಮ್ಮದು ಐದು ಎಕರೆ ಎರೆ ಭೂಮಿ, ಪೂರ್ತಿ ತೊಗರಿ. ಬೀಜ, ಗೊಬ್ಬರ, ಔಷಧ ಸಿಂಪಡಣೆ, ಕಟಾವು, ರಾಶಿ, ಬಾಡಿಗೆ ಸೇರಿ ಕ್ವಿಂಟಾಲಿಗೆ ಆರು ಸಾವಿರದ ಮೇಲೆ ಬಿದ್ದಿದೆ. ಎಲ್ಲವನ್ನೂ ಚೀಟಿಯಲ್ಲಿ ಬರೆದಿಟ್ಟಿದ್ದೇನೆ. ಗಂಜಿನಲ್ಲಿ ತೋರಿಸಿದರೆ ಖರೀದಿದಾರ ನಕ್ಕ. ಹಿಂದೊಮ್ಮೆ ಹತ್ತು ಸಾವಿರದ ಮೇಲೆ ಹೋದ ಮಾಲು ಇದೇ ಅಲ್ಲವೇ? ಬೆಲೆಯನ್ನು ಕಟ್ಟುವವರು ಯಾರು?"
— ಜೇವರ್ಗಿ ತಾಲೂಕಿನ ರೈತರು

ನಕ್ಕದ್ದು ಮರ್ಯಾದೆಯಲ್ಲ, ಒಪ್ಪುತ್ತೇನೆ. ಆದರೆ ರೈತರೇ, ಅವನ ಜೇಬಿನಲ್ಲೂ ಒಂದು ಚೀಟಿ ಇತ್ತು. ನೀವು ನಿಮ್ಮದನ್ನು ತೋರಿಸಿದಿರಿ, ಅವನು ತನ್ನದನ್ನು ತೋರಿಸಲಿಲ್ಲ.

ಅವನ ಲೆಕ್ಕ ಹೊಲದಿಂದ ಶುರುವಾಗುವುದಿಲ್ಲ, ಊಟದ ತಟ್ಟೆಯಿಂದ ಹಿಂದಕ್ಕೆ ಬರುತ್ತದೆ. ಒಂದು ಕ್ವಿಂಟಾಲ್ ತೊಗರಿ ದಾಲ್ ಮಿಲ್ಲಿಗೆ ಹೋದರೆ 70ರಿಂದ 75 ಕಿಲೋ ಬೇಳೆ ಬರುತ್ತದೆ. ಉಳಿದದ್ದು ಹೊಟ್ಟು, ನುಚ್ಚು. ಅದು ದನದ ಮೇವಿಗೆ ಹೋಗುತ್ತದೆ. ಸಗಟು ಬೇಳೆ ಕಿಲೋಗೆ 110 ರೂಪಾಯಿ, ಬೇಳೆ 72 ಕಿಲೋ ಎಂದು ಹಿಡಿಯೋಣ: 7,920 ಆಯಿತು. ಹೊಟ್ಟು, ನುಚ್ಚಿಗೆ ಐನೂರು ಬಂತೆನ್ನಿ, 8,420. ಇದರಲ್ಲಿ ಕರೆಂಟು, ಹಮಾಲಿ, ಚೀಲ, ಲಾರಿ ಬಾಡಿಗೆ, ಬ್ಯಾಂಕಿನ ಬಡ್ಡಿ, ಅವನ ಲಾಭ ಎಂದು ಎಂಟುನೂರೋ ಒಂಬೈನೂರೋ ತೆಗೆದರೆ ಉಳಿಯುವುದು ಏಳೂವರೆ ಸಾವಿರದ ಆಸುಪಾಸು. ಟೆಂಡರಿನಲ್ಲಿ ನಿಮ್ಮ ರಾಶಿಗೆ ಅವನು ಬರೆಯಬಹುದಾದ ಗರಿಷ್ಠ ಅದು. ಅಷ್ಟನ್ನೇ ಬರೆಯುತ್ತಾನೆಂದಲ್ಲ, ಪಕ್ಕದ ಖರೀದಿದಾರ ಎಷ್ಟು ಬರೆದಾನು ಎಂಬ ಭಯ ಇದ್ದಷ್ಟು ಮೇಲಕ್ಕೆ ಹೋಗುತ್ತಾನೆ. ಹತ್ತು ಜನ ಬರೆಯುವ ದಿನಕ್ಕೂ ಮೂವರೇ ಬರೆಯುವ ದಿನಕ್ಕೂ ಇರುವ ವ್ಯತ್ಯಾಸ ಅಲ್ಲಿದೆ. ಈ ಇಡೀ ಲೆಕ್ಕದಲ್ಲಿ ನೀವು ಹೊಡೆದ ಔಷಧಕ್ಕೆ ಒಂದು ಸಾಲೂ ಇಲ್ಲ.

ಹಾಗಾದರೆ ನಿಮ್ಮ ಚೀಟಿ ವ್ಯರ್ಥವೇ? ಅಲ್ಲ. ಅದನ್ನು ತೆರೆಯಬೇಕಾದ ತಿಂಗಳು ಜನವರಿಯಲ್ಲ, ಜೂನ್. ಬಿತ್ತುವ ಮುಂಚೆ ಊರೂರಿನ ರೈತರು ತಂತಮ್ಮ ಖರ್ಚು ನೋಡಿ ತೊಗರಿಯೋ ಹೆಸರೋ ಹತ್ತಿಯೋ ಎಂದು ತೀರ್ಮಾನಿಸುತ್ತಾರೆ. ಆ ತೀರ್ಮಾನಗಳೆಲ್ಲ ಸೇರಿ ಜನವರಿಯಲ್ಲಿ ಗಂಜಿಗೆ ಎಷ್ಟು ಆವಕ ಬರಬೇಕೆಂದು ನಿರ್ಧರಿಸುತ್ತವೆ. ಖರ್ಚು ಬೆಲೆಯನ್ನು ಮುಟ್ಟುವುದು ಈ ಸುತ್ತುದಾರಿಯಲ್ಲೇ. ಬೆಲೆಯನ್ನು ಕಟ್ಟುವುದು ಖರ್ಚೋ, ಕೊಳ್ಳುವವನ ಆಸೆಯೋ ಎಂಬ ಜಗಳಕ್ಕೆ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಆಲ್ಫ್ರೆಡ್ ಮಾರ್ಷಲ್ 1890ರಲ್ಲಿ ಹೇಳಿದ ಉತ್ತರ ಇವತ್ತಿಗೂ ನಿಂತಿದೆ: ಕಾಗದ ಕತ್ತರಿಸಿದ್ದು ಕತ್ತರಿಯ ಮೇಲಿನ ಅಲಗೋ ಕೆಳಗಿನದೋ ಎಂದು ಕೇಳಬಾರದು.

ಈಗ ಆ "ಹತ್ತು ಸಾವಿರ"ದ ವಿಷಯ. 2014 ಮತ್ತು 2015ರಲ್ಲಿ ಮಳೆ ಕೈಕೊಟ್ಟಿತು. 2015ರ ಕೊನೆಯಲ್ಲಿ ತೊಗರಿ ಬೇಳೆ ಅಂಗಡಿಯಲ್ಲಿ ಕಿಲೋಗೆ 200 ರೂಪಾಯಿಯ ಹತ್ತಿರ ಹೋದದ್ದು ನೆನಪಿರಬೇಕು. ಆ ಬೆಲೆಯನ್ನು ಕಣ್ಣಲ್ಲಿಟ್ಟುಕೊಂಡು 2016ರ ಮುಂಗಾರಿನಲ್ಲಿ ಎಲ್ಲರೂ ತೊಗರಿಯನ್ನೇ ಬಿತ್ತಿದರು, ಮಳೆಯೂ ಚೆನ್ನಾಯಿತು. ದೇಶದ ಉತ್ಪಾದನೆ ಸುಮಾರು 25 ಲಕ್ಷ ಟನ್ನಿನಿಂದ 48 ಲಕ್ಷ ಟನ್ನಿನ ಆಚೆಗೆ ಜಿಗಿಯಿತು. ಆ ವರ್ಷದ ಬೆಂಬಲ ಬೆಲೆ ಬೋನಸ್ ಸೇರಿ 5,050 ಇತ್ತು. 2017ರ ಆರಂಭದಲ್ಲಿ ಮಾರುಕಟ್ಟೆ ಅದಕ್ಕಿಂತ ಕೆಳಗೆ ಬಿತ್ತು. ಹೋದ ವರ್ಷದ ಬೆಲೆ ನೋಡಿ ಈ ವರ್ಷ ಬಿತ್ತುವುದು, ಬಿದ್ದ ಬೆಲೆ ನೋಡಿ ಮುಂದಿನ ವರ್ಷ ಬಿಡುವುದು. ಈ ಸುತ್ತಾಟಕ್ಕೆ ಅರ್ಥಶಾಸ್ತ್ರಜ್ಞರು 1930ರ ದಶಕದಲ್ಲೇ ಜೇಡರ ಬಲೆ ಎಂದು ಹೆಸರಿಟ್ಟಿದ್ದಾರೆ. ನಕ್ಷೆಯ ಮೇಲೆ ಗೆರೆ ಎಳೆದರೆ ಹಾಗೆಯೇ ಕಾಣುತ್ತದೆ.

ಬೆಳೆ ಹೆಚ್ಚಾದ ಪ್ರಮಾಣಕ್ಕಿಂತ ಬೆಲೆ ಹೆಚ್ಚು ಬೀಳುವುದೇಕೆ? ಅಗ್ಗವಾಯಿತೆಂದು ಯಾರೂ ಬೇಳೆ ಸಾರನ್ನು ಎರಡು ಪಟ್ಟು ಉಣ್ಣುವುದಿಲ್ಲ. ದುಬಾರಿಯಾಯಿತೆಂದು ಪೂರ್ತಿ ಬಿಡುವುದೂ ಇಲ್ಲ, ಸಾರು ತೆಳ್ಳಗಾಗುತ್ತದೆ ಅಷ್ಟೆ. ಇಂಥ ಗಟ್ಟಿ ಬೇಡಿಕೆಯ ಪದಾರ್ಥದಲ್ಲಿ ಸ್ವಲ್ಪ ಹೆಚ್ಚು ಮಾಲು ಬಂದರೂ ಅದನ್ನು ಸಾಗಹಾಕಲು ಬೆಲೆ ಬಹಳ ಇಳಿಯಬೇಕಾಗುತ್ತದೆ. ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ಗ್ರೆಗರಿ ಕಿಂಗ್ ಎಂಬಾತನ ಹೆಸರಿನಲ್ಲಿ ಒಂದು ಲೆಕ್ಕ ಉಳಿದಿದೆ: ಧಾನ್ಯದ ಬೆಳೆ ಹತ್ತರಲ್ಲಿ ಒಂದು ಪಾಲು ಕಡಿಮೆಯಾದರೆ ಬೆಲೆ ಹತ್ತರಲ್ಲಿ ಮೂರು ಪಾಲು ಏರುತ್ತದೆ. ಸಂಖ್ಯೆ ಬೇರೆಯಾಗಬಹುದು, ಗುಣ ಅದೇ. ಜೊತೆಗೆ ನಿಮ್ಮ ಪೈಪೋಟಿ ಸೇಡಂ, ಚಿತ್ತಾಪುರದವರ ಜೊತೆ ಮಾತ್ರವಲ್ಲ. ಮ್ಯಾನ್ಮಾರ್, ತಾಂಜಾನಿಯಾ, ಮೊಜಾಂಬಿಕ್, ಮಲಾವಿಯ ತೊಗರಿಯೂ ಹಡಗಿನಲ್ಲಿ ಬರುತ್ತದೆ. 2021ರ ಮೇ ತಿಂಗಳಲ್ಲಿ ಆಮದಿನ ಬಾಗಿಲನ್ನು ತೆರೆದು, ಗಡುವನ್ನು ಮತ್ತೆ ಮತ್ತೆ ಮುಂದೂಡಲಾಗಿದೆ. ಪಟ್ಟಣದ ಗ್ರಾಹಕರನ್ನು ನೋಡಿ ಮಾಡಿದ ತೀರ್ಮಾನ ಅದು, ನಿಮ್ಮನ್ನು ನೋಡಿ ಅಲ್ಲ. ನನಗಂತೂ ಅದು ಸರಿ ಕಾಣುವುದಿಲ್ಲ: ಬೆಲೆ ಏರಿದಾಗ ಬಾಗಿಲು ತೆರೆಯುವ ಚುರುಕು, ಬಿದ್ದಾಗ ಮುಚ್ಚುವುದರಲ್ಲಿ ಕಾಣುವುದಿಲ್ಲ.

ಬೆಂಬಲ ಬೆಲೆ 2024-25ರಲ್ಲಿ 7,550 ಇತ್ತು, 2025-26ಕ್ಕೆ 8,000 ಆಯಿತು. ಆ ಬೆಲೆಗೆ ಕೊಳ್ಳುವವರು ತಕ್ಕಡಿ ಹಿಡಿದು ನಿಂತಿದ್ದರೆ ಮಾತ್ರ ಅದು ಬೆಲೆ. ಖರೀದಿ ಕೇಂದ್ರ ತೆರೆಯುವ ದಿನ, ನೋಂದಣಿ, ತಲೆಗಿಷ್ಟು ಎಂಬ ಮಿತಿ, ಇವೆಲ್ಲ ದಾಟಿದ ಮೇಲೆ ಸಿಗುವುದೇ ನಿಮ್ಮ ನಿಜವಾದ ಬೆಂಬಲ.

ಇವತ್ತು ಮಾಡಬೇಕಾದ್ದು ಬೇರೆ ಲೆಕ್ಕ. ಆರು ಸಾವಿರ ಹೋಗಿಯಾಯಿತು. ಮಾರಿದರೂ ಇಟ್ಟರೂ ಅದು ವಾಪಸು ಬರುವುದಿಲ್ಲ. ಮುಂದಿನದನ್ನು ಕೇಳಿಕೊಳ್ಳಿ. ಇವತ್ತು ಏಳು ಸಾವಿರ ಸಿಗುತ್ತದೆ, ಮೇಲೆ ತಿಂಗಳಿಗೆ ನೂರಕ್ಕೆ ಎರಡರಂತೆ ಸಾಲ ಇದೆ ಎಂದರೆ ಮೂರು ತಿಂಗಳು ಕಾಯುವುದಕ್ಕೆ ಬಡ್ಡಿಯೇ 420. ಗೋದಾಮಿನ ಬಾಡಿಗೆ, ಒಣಗಿ ಇಳಿಯುವ ತೂಕ, ಹುಳುವಿನ ನಷ್ಟ ಸೇರಿಸಿದರೆ ಏಪ್ರಿಲಿನಲ್ಲಿ ಏಳೂವರೆ ದಾಟುತ್ತದೆಂಬ ನಂಬಿಕೆ ಇದ್ದರಷ್ಟೇ ಕಾಯಬೇಕು. ಸಾಲ ಇಲ್ಲದವರ ಲೆಕ್ಕ ಬೇರೆ. ಒಂದೇ ಓಣಿಯ ಇಬ್ಬರು ರೈತರಲ್ಲಿ ಒಬ್ಬ ಜನವರಿಯಲ್ಲೇ ಮಾರಿ, ಇನ್ನೊಬ್ಬ ಏಪ್ರಿಲ್‌ವರೆಗೆ ಇಟ್ಟರೆ ಇಬ್ಬರೂ ಜಾಣರಾಗಿರಲು ಸಾಧ್ಯ.

ಇನ್ನೊಂದು ಮಾತು. ಬೆಲೆ ಬಿತ್ತೆಂದು ತೊಗರಿಯನ್ನು ಯಾರೂ ಹೊಲದಲ್ಲೇ ಬಿಡುವುದಿಲ್ಲ, ಟೊಮೆಟೊವನ್ನು ಬಿಡುತ್ತಾರೆ. ತೊಗರಿಯಲ್ಲಿ ಬೆಳೆ ನಿಂತ ಮೇಲೆ ಬಾಕಿ ಇರುವ ಖರ್ಚು ಕಟಾವು, ರಾಶಿ ಮಾತ್ರ. ಎಷ್ಟೇ ಬಿದ್ದರೂ ಬೆಲೆ ಅದಕ್ಕಿಂತ ಮೇಲೆಯೇ ಇರುತ್ತದೆ. ಟೊಮೆಟೊದಲ್ಲಿ ಬಿಡಿಸುವ ಕೂಲಿ, ಬಾಡಿಗೆಯೇ ಕೆಲವೊಮ್ಮೆ ಮಾರುಕಟ್ಟೆಯ ಬೆಲೆಗಿಂತ ಹೆಚ್ಚು. ಬಿತ್ತುವಾಗ ಲೆಕ್ಕಕ್ಕೆ ಬರುವುದು ಪೂರ್ತಿ ಲಾಗೋಡಿ, ಅಂದರೆ ಬೀಜದಿಂದ ರಾಶಿಯವರೆಗಿನ ಖರ್ಚು. ಕೊಯ್ಯುವಾಗ ಲೆಕ್ಕಕ್ಕೆ ಬರುವುದು ಕೊಯ್ಲಿನ ಖರ್ಚು ಮಾತ್ರ.

"ಜೂನ್ ಬಂದರೆ ಸಾಕು, ದಾಸ್ತಾನು ಮಾಡುವವರೇ ಬೆಲೆ ಏರಿಸಿದರು ಎಂದು ನಮ್ಮತ್ತ ಬೆರಳು ತೋರಿಸುತ್ತಾರೆ. ಇಟ್ಟು ಮಾರುವುದು ತಪ್ಪೇ?"
— ಹುಮನಾಬಾದ್‌ನ ಕಿರಾಣಿ ಸಗಟು ವ್ಯಾಪಾರಿ

ಸಾಹುಕಾರರೇ, ತೊಗರಿ ಬರುವುದು ಡಿಸೆಂಬರಿನಿಂದ ಫೆಬ್ರುವರಿವರೆಗೆ, ಉಣ್ಣುವುದು ಹನ್ನೆರಡು ತಿಂಗಳು. ಜನವರಿಯ ಮಾಲನ್ನು ಆಗಸ್ಟಿಗೆ ತಲುಪಿಸುವವರು ಯಾರಾದರೂ ಇರಲೇಬೇಕು. ನೀವು ಜನವರಿಯಲ್ಲಿ ಕೊಂಡಾಗ ಬೀಳುವ ಬೆಲೆಯನ್ನು ಸ್ವಲ್ಪ ಹಿಡಿದಿರಿ, ಆಗಸ್ಟಿನಲ್ಲಿ ಮಾರಿದಾಗ ಏರುವ ಬೆಲೆಯನ್ನು ಸ್ವಲ್ಪ ತಡೆದಿರಿ. ಅದಕ್ಕೆ ಬಡ್ಡಿ ಮತ್ತು ಬಾಡಿಗೆಯ ಮೇಲೆ ಒಂದಿಷ್ಟು ಲಾಭ ಬರುವುದು ನ್ಯಾಯ. ಮುಂದಿನ ಬೆಳೆ ಭರ್ಜರಿ ಎಂದು ಸುದ್ದಿ ಬಂದರೆ ನಷ್ಟವೂ ನಿಮ್ಮದೇ. ಆಗ ಯಾರೂ ಬೆರಳು ತೋರಿಸುವುದಿಲ್ಲ.

ತಪ್ಪಾಗುವುದು ಇಟ್ಟಾಗ ಅಲ್ಲ, ಇಡುವವರು ನಾಲ್ಕೇ ಜನ ಇದ್ದು ಅವರು ಫೋನಿನಲ್ಲಿ ಮಾತಾಡಿಕೊಂಡಾಗ. ಸರ್ಕಾರಕ್ಕೆ ಇವೆರಡನ್ನು ಬೇರ್ಪಡಿಸುವುದು ಕಷ್ಟವಾದ್ದರಿಂದ 1955ರ ಅಗತ್ಯ ವಸ್ತುಗಳ ಕಾಯ್ದೆಯನ್ನು ಎಲ್ಲರ ಮೇಲೂ ಬೀಸುತ್ತದೆ. 2023ರ ಜೂನ್‌ನಲ್ಲಿ ತೊಗರಿ, ಉದ್ದಿಗೆ ಸಗಟು ವ್ಯಾಪಾರಿಗೆ 200 ಟನ್, ಚಿಲ್ಲರೆ ಅಂಗಡಿಗೆ 5 ಟನ್ ಎಂದು ಮಿತಿ ಹಾಕಿದ್ದು ಹಾಗೆ. ಮಿತಿ ಬಂದಾಗ ಮಾಲು ಒಮ್ಮೆಗೇ ಹೊರಬಂದು ಬೆಲೆ ಕೆಲ ವಾರ ಇಳಿಯಬಹುದು. ಆದರೆ ಮುಂದಿನ ಜನವರಿಯಲ್ಲಿ ಕೊಂಡಿಡುವ ಧೈರ್ಯವನ್ನೂ ಅದು ಕಡಿಮೆ ಮಾಡುತ್ತದೆ, ಅದರ ಪೆಟ್ಟು ಬೀಳುವುದು ಜೇವರ್ಗಿಯ ರೈತರ ಮೇಲೆ.

ಇಟ್ಟು ಮಾರುವ ಅನುಕೂಲವೇ ಇಲ್ಲದವರು ನಿಮ್ಮ ಜಿಲ್ಲೆಯಲ್ಲೇ ಇದ್ದಾರೆ. ಕಡಿದ ಕಬ್ಬು ದಿನ ಕಳೆದಂತೆ ತೂಕ, ಸಕ್ಕರೆ ಅಂಶ ಎರಡನ್ನೂ ಕಳೆದುಕೊಳ್ಳುತ್ತದೆ. ದೂರದ ಕಾರ್ಖಾನೆಗೆ ಸಾಗಿಸಿದರೆ ಬಾಡಿಗೆಯೇ ಲಾಭವನ್ನು ತಿನ್ನುತ್ತದೆ. ಕೊಳ್ಳುವವನು ಒಬ್ಬನೇ, ಮಾರುವವನಿಗೆ ಕಾಯುವ ಶಕ್ತಿ ಇಲ್ಲ. ಅಂಥಲ್ಲಿ ಬೆಲೆಯನ್ನು ಮಾರುಕಟ್ಟೆಗೆ ಬಿಡಿ ಎಂದು ಹೇಳುವವರಿಗೆ ಪಾಠ ಅರ್ಧ ಮಾತ್ರ ಅರ್ಥವಾಗಿದೆ. 2025-26ರ ಹಂಗಾಮಿಗೆ 10.25 ಶೇಕಡಾ ಸಕ್ಕರೆ ಇಳುವರಿಯ ಕಬ್ಬಿಗೆ ಕ್ವಿಂಟಾಲಿಗೆ 355 ರೂಪಾಯಿ ಎಂದು ಕೇಂದ್ರ ದರ ಗೊತ್ತುಮಾಡಿದ್ದು ಈ ಕಾರಣಕ್ಕೆ.

"ಅಕ್ಕನವರೇ, ಮನೆಯಲ್ಲೇ ಜೋಳದ ರೊಟ್ಟಿ ಮಾಡಿ ಖಾನಾವಳಿಗಳಿಗೆ ಹತ್ತು ರೂಪಾಯಿಗೊಂದರಂತೆ ದಿನಕ್ಕೆ 150 ಕೊಡುತ್ತೇನೆ. ಬೀಸಿದ ಹಿಟ್ಟು ಕಿಲೋಗೆ 48 ರೂಪಾಯಿ ಬೀಳುತ್ತದೆ, ಕಿಲೋಗೆ 14 ರೊಟ್ಟಿ. ಗ್ಯಾಸು ರೊಟ್ಟಿಗೆ ಒಂದು ರೂಪಾಯಿ, ಬಡಿಯುವ ಹೆಣ್ಣುಮಗಳಿಗೆ ಎರಡು ರೂಪಾಯಿ. ಕೋಣೆ ಬಾಡಿಗೆ, ಒಲೆ, ಹಂಚು ಎಲ್ಲ ಹಂಚಿದರೆ ಏಳೂವರೆ ಆಗುತ್ತದೆ. ಮದುವೆ ಮನೆಯವರು 300 ರೊಟ್ಟಿಗೆ ಏಳರಂತೆ ಕೇಳುತ್ತಿದ್ದಾರೆ. ಏಳೂವರೆಯ ಮಾಲನ್ನು ಏಳಕ್ಕೆ ಕೊಟ್ಟರೆ ನಷ್ಟವಲ್ಲವೇ?"
— ಕಲಬುರಗಿ, ಬ್ರಹ್ಮಪುರದ ಓದುಗರು

ತಂಗಿ, ಇಷ್ಟು ಚೊಕ್ಕ ಲೆಕ್ಕದ ಪತ್ರ ನನಗೆ ಬರುವುದು ಅಪರೂಪ. ನಿಮ್ಮ ಸಂಖ್ಯೆಗಳನ್ನೇ ಇಟ್ಟುಕೊಂಡು ಹೇಳುತ್ತೇನೆ.

ಬಾಡಿಗೆಯನ್ನು ಮದುವೆ ರೊಟ್ಟಿಯ ಮೇಲೆ ಹೊರಿಸಬೇಡಿ. ಆ 300 ಮಾಡಿದರೂ ಬಿಟ್ಟರೂ ಕೋಣೆಯ ಮಾಲೀಕ ಒಂದನೆಯ ತಾರೀಖಿಗೆ ಬಾಗಿಲು ತಟ್ಟುತ್ತಾನೆ. ಒಲೆ, ಹಂಚು ಕೊಂಡಾಗಿದೆ. ಹೆಚ್ಚುವರಿ ರೊಟ್ಟಿಯಿಂದ ನಿಜವಾಗಿ ಹೆಚ್ಚಾಗುವುದು ಹಿಟ್ಟಿನ ಸುಮಾರು 3 ರೂಪಾಯಿ 40 ಪೈಸೆ, ಗ್ಯಾಸಿನ ಒಂದು, ಬಡಿಯುವ ಎರಡು: ಒಟ್ಟು 6.40. ಪುಸ್ತಕಗಳು ಇದನ್ನು ಸೀಮಾಂತ ವೆಚ್ಚ ಎನ್ನುತ್ತವೆ. ಏಳಕ್ಕೆ ಕೊಟ್ಟರೆ ರೊಟ್ಟಿಗೆ 60 ಪೈಸೆ, 300ಕ್ಕೆ 180 ರೂಪಾಯಿ ಉಳಿಯುತ್ತದೆ. ನಷ್ಟವಿಲ್ಲ.

ಆದರೂ ಒಪ್ಪಿಕೊಳ್ಳಿ ಎಂದು ಹೇಳಲಾರೆ. ನಿಮ್ಮ ಚೀಟಿಯಲ್ಲಿ ಒಬ್ಬರ ಕೂಲಿ ಕಾಣೆಯಾಗಿದೆ, ನಿಮ್ಮದೇ. ಹಿಟ್ಟಿಗೆ ಕುದಿನೀರು ಹಾಕಿ ನಾದುವುದು, ಹಂಚಿನ ಮುಂದೆ ಕುಳಿತು ಮೇಲೆ ನೀರು ಸವರಿ ತಿರುವಿ ಹಾಕುವುದು, ಎಣಿಸಿ ಬಟ್ಟೆಯಲ್ಲಿ ಸುತ್ತುವುದು ನೀವೇ ತಾನೆ? ಬಡಿಯುವ ಹೆಣ್ಣುಮಗಳು ಆ ದಿನ 600 ರೂಪಾಯಿ ಒಯ್ಯುತ್ತಾಳೆ, ನಿಮಗೆ 180. ನಮ್ಮ ರಾಜ್ಯದಲ್ಲಿ 2025-26ಕ್ಕೆ ಉದ್ಯೋಗ ಖಾತ್ರಿಯ ದಿನಗೂಲಿ 370 ಎಂದು ಗೊತ್ತುಪಡಿಸಿದ್ದರು. ಆ ಹೊತ್ತಿನಲ್ಲಿ ನಿಮಗೆ ಬೇರೆ ಏನು ಸಂಪಾದನೆ ಸಾಧ್ಯವಿತ್ತು ಎನ್ನುವುದೂ ಖರ್ಚೇ. ರಸೀದಿ ಇಲ್ಲದ್ದರಿಂದ ಹೆಂಗಸರು ಅದನ್ನು ಬರೆಯುವುದಿಲ್ಲ.

ಎರಡನೆಯದು, ದಿನದ 150ರ ಮೇಲೆ ಇನ್ನೂ 300 ಎಂದರೆ ಅದೇ ಎರಡು ರೂಪಾಯಿಗೆ ಕೈ ಸಿಗುತ್ತದೆಯೇ? ಲಗ್ನದ ತಿಥಿಗಳಲ್ಲಿ ರೊಟ್ಟಿ ಬಡಿಯುವವರಿಗೆ ಎಲ್ಲ ಮನೆಗಳಿಂದಲೂ ಕರೆ. ಇನ್ನೊಬ್ಬರನ್ನು ಮೂರು ರೂಪಾಯಿಗೆ ಕರೆತಂದರೆ ವೆಚ್ಚ 7.40ಕ್ಕೆ ಹೋಯಿತು, ಈಗ ನಿಜವಾದ ನಷ್ಟ. ಮೊದಲ ರೊಟ್ಟಿಯ ವೆಚ್ಚವೂ ನಾನೂರನೆಯದರ ವೆಚ್ಚವೂ ಒಂದೇ ಅಲ್ಲ.

ಮೂರನೆಯದು ಖಾನಾವಳಿಯವರ ಕಿವಿ. ಏಳಕ್ಕೆ ಕೊಟ್ಟ ಸುದ್ದಿ ತಲುಪಿದರೆ ದಿನದ 150ಕ್ಕೂ ಏಳನ್ನೇ ಕೇಳುತ್ತಾರೆ. ದಿನಕ್ಕೆ 450 ರೂಪಾಯಿ ಹೋಗುತ್ತದೆ, 180ರ ಆಸೆಗೆ. ಎರಡು ಬೆಲೆ ಇಡುವುದಾದರೆ ಎರಡು ಮಾಲು ಎಂದು ಕಾಣಬೇಕು. ಮದುವೆ ಮನೆಗೆ ವಾರ ಮೊದಲೇ ಮಾಡಿಟ್ಟುಕೊಳ್ಳಬಹುದಾದ ಖಡಕ್ ರೊಟ್ಟಿಯನ್ನು ಎಂಟೂವರೆಗೆ ಹೇಳಿ, ಹಿಟ್ಟಿನ ಅರ್ಧ ಹಣ ಮುಂಗಡ ಕೇಳಿ. ಆಗ ಕೆಲಸವನ್ನು ಖಾಲಿ ಮಧ್ಯಾಹ್ನಗಳಿಗೆ ಹಂಚಿಕೊಳ್ಳಬಹುದು, ಮೂರು ರೂಪಾಯಿಯ ಕೈ ಬೇಕಾಗುವುದಿಲ್ಲ. ಎಂಟಕ್ಕಿಂತ ಕೆಳಗೆ ಇಳಿಯಬೇಡಿ.

"ನೀರಿಲ್ಲದೆ ಜೀವವಿಲ್ಲ, ಚಿನ್ನವಿಲ್ಲದೆ ಇದೆ. ಆದರೂ ಚಿನ್ನವೇಕೆ ದುಬಾರಿ? ಪರೀಕ್ಷೆಗೆ ಬರುತ್ತದೆ ಮೇಡಂ, ಐದು ಅಂಕ."
— ಸುರಪುರದ ವಿದ್ಯಾರ್ಥಿನಿ

ಐದು ಅಂಕಕ್ಕೆ ಎಷ್ಟು ಬೇಕೋ ಅಷ್ಟು. ಈ ಒಗಟನ್ನು 1776ರಲ್ಲಿ ಆಡಮ್ ಸ್ಮಿತ್ ನೀರು ಮತ್ತು ವಜ್ರ ಇಟ್ಟುಕೊಂಡು ಬರೆದ. ಬಿಡಿಸಿದ್ದು 1871ರಲ್ಲಿ ಮೆಂಗರ್ ಮತ್ತು ಜೆವನ್ಸ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು, ಬೇರೆ ಬೇರೆಯಾಗಿ. ಬೆಲೆ ಅಳೆಯುವುದು ಒಟ್ಟು ನೀರಿನ ಉಪಯೋಗವನ್ನಲ್ಲ, ಕೊನೆಯ ಕೊಡದ ಉಪಯೋಗವನ್ನು. ಕೃಷ್ಣೆಯ ಕಾಲುವೆ ತುಂಬಿ ಹರಿಯುವಾಗ ಕೊನೆಯ ಕೊಡದಿಂದ ನೀವು ಅಂಗಳ ತೊಳೆಯುತ್ತೀರಿ, ಅದಕ್ಕೆ ಯಾರೂ ದುಡ್ಡು ಕೊಡುವುದಿಲ್ಲ. ಮೇ ತಿಂಗಳಲ್ಲಿ ನಲ್ಲಿ ನಿಂತು ಟ್ಯಾಂಕರ್ ಬಂದಾಗ ಕೊನೆಯ ಕೊಡ ಕುಡಿಯುವುದಕ್ಕೇ ಬೇಕು, ಆಗ ಅದೇ ನೀರಿಗೆ ಬೆಲೆ ಬರುತ್ತದೆ. ಟ್ಯಾಂಕರಿನ ಉದಾಹರಣೆಯನ್ನು ಉತ್ತರದಲ್ಲಿ ಬರೆಯಿರಿ, ಪುಸ್ತಕದ ಮರುಭೂಮಿಯನ್ನು ಎಲ್ಲರೂ ಬರೆದಿರುತ್ತಾರೆ.

"ಎರಡು ವರ್ಷ ಹಿಂದೆ ಮಾಡಿಟ್ಟ ಬಿದರಿ ಹೂದಾನಿಗೆ ಇವತ್ತಿನ ಬೆಳ್ಳಿ ದರ ಹಾಕುತ್ತಾರೆ. ಬೆಳ್ಳಿ ಕೊಂಡಾಗ ಅಗ್ಗವಿತ್ತಲ್ಲ, ಇದು ಮೋಸವಲ್ಲವೇ? ಅಂಥದ್ದೇ ಹೂದಾನಿ ಇನ್ನೊಂದು ಕಡೆ ಮೂರನೇ ಒಂದು ಭಾಗದ ಬೆಲೆಗೆ ಸಿಗುತ್ತಿದೆ."
— ಬೀದರ್‌ನ ಓದುಗರು

ಮೊದಲನೆಯದು ಮೋಸವಲ್ಲ. ಎರಡನೆಯದರ ಬಗ್ಗೆ ಎಚ್ಚರವಿರಲಿ.

2025ರಲ್ಲಿ ಬೆಳ್ಳಿ ಕಿಲೋಗೆ ಒಂದು ಲಕ್ಷ ದಾಟಿ ಓಡಿತು. ನಿಮ್ಮ ಮನೆಯ ಬೆಳ್ಳಿ ದೀಪವನ್ನು ಇವತ್ತು ಮಾರಲು ಹೊರಟರೆ ಅಜ್ಜಿ ಕೊಂಡ ದರಕ್ಕೆ ಕೊಡುತ್ತೀರಾ? ಕುಶಲಕರ್ಮಿ ಈ ಹೂದಾನಿ ಮಾರಿದ ಹಣದಲ್ಲೇ ಮುಂದಿನದಕ್ಕೆ ಬೆಳ್ಳಿ ತಂತಿ ಕೊಳ್ಳಬೇಕು. ಹಳೆಯ ದರಕ್ಕೆ ಮಾರಿದರೆ ಅರ್ಧ ತಂತಿಯೂ ಬರಲಿಕ್ಕಿಲ್ಲ. ನಾಳೆ ಬೆಳ್ಳಿ ಕುಸಿದರೆ "ನಾನು ದುಬಾರಿಗೆ ಕೊಂಡಿದ್ದೆ" ಎಂಬ ಅವನ ಮಾತನ್ನು ನೀವೂ ಕೇಳುವುದಿಲ್ಲ. ಬಹಮನಿಗಳ ಕಾಲದಲ್ಲಿ, ಮಹಮೂದ್ ಗಾವಾನ್ ಪ್ರಧಾನಿಯಾಗಿದ್ದಾಗ, ಅಫನಾಸಿ ನಿಕಿತಿನ್ ಎಂಬ ರಷ್ಯಾದ ವರ್ತಕ ಮಾರಲೆಂದು ಒಂದು ಕುದುರೆ ಹಿಡಿದು ನಿಮ್ಮೂರಿಗೆ ಬಂದಿದ್ದ. ವರ್ಷವಿಡೀ ಮೇಯಿಸಿ, ಮೇವಿನ ಖರ್ಚನ್ನು ಜತನದಿಂದ ಬರೆದಿಟ್ಟು, ಕೊನೆಗೆ ಬೀದರ್‌ನಲ್ಲೇ ಮಾರಿದ. ಕೊಂಡವನು ಕುದುರೆಯ ಹಲ್ಲು, ಕಾಲು ನೋಡಿರುತ್ತಾನೆ, ಮೇವಿನ ಲೆಕ್ಕವನ್ನಲ್ಲ.

ಇನ್ನು ಆ ಅಗ್ಗದ ಹೂದಾನಿ. ಅಸಲಿ ಬಿದರಿಯಲ್ಲಿ ಸತುವು ಹೆಚ್ಚು, ತಾಮ್ರ ಸ್ವಲ್ಪ. ಎರಕ ಹೊಯ್ದು ಉಜ್ಜಿದ ಮೇಲೆ ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪಾಗಿಸುತ್ತಾರೆ, ಗೀರಿದ ಚಿತ್ತಾರ ಬೆಳ್ಳಗೆ ಕಾಣಲೆಂದು. ಆ ಗೆರೆಗಳನ್ನು ಉಳಿಯಿಂದ ಕೊರೆದು, ಬೆಳ್ಳಿ ತಂತಿಯನ್ನು ಸಣ್ಣ ಸುತ್ತಿಗೆಯಿಂದ ಕೂರಿಸಿ, ಮತ್ತೆ ಉಜ್ಜಿ, ಕಡೆಗೆ ಕೋಟೆಯ ಹಳೆಯ ಮಣ್ಣನ್ನು ನವಸಾಗರದ ಜೊತೆ ಕಲಸಿ ಬಿಸಿ ಮಾಡಿದ ಲೋಹಕ್ಕೆ ತಿಕ್ಕುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹಾಗೆಯೇ ಹೊಳೆಯುತ್ತದೆ. ಬೆಲೆಯ ಬಹುಪಾಲು ಆ ಕೈಗಳ ದಿನಗಳದ್ದು. ಕಪ್ಪು ಬಣ್ಣ ಬಳಿದ ನಕಲು ಗಾಜಿನ ಕಪಾಟಿನಲ್ಲಿ ಹೆಚ್ಚುಕಡಿಮೆ ಹಾಗೆಯೇ ಕಾಣುತ್ತದೆ, ಅಪಾಯ ಇರುವುದು ಅಲ್ಲೇ. ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ ಎಂದಾಗ ಕೊಳ್ಳುವವನು ಎರಡರ ನಡುವಿನ ಯಾವುದೋ ಬೆಲೆ ಹೇಳುತ್ತಾನೆ. ಆ ಬೆಲೆ ನಕಲಿನವನಿಗೆ ಹಬ್ಬ, ಅಸಲಿಯವನಿಗೆ ಸಾಲದು. ಅವನು ಕೆಲಸ ಬಿಟ್ಟು ಆಟೋ ಓಡಿಸಲು ಹೋಗುತ್ತಾನೆ. ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಮಾರುಕಟ್ಟೆಯನ್ನಿಟ್ಟುಕೊಂಡು ಇದನ್ನೇ ತೋರಿಸಿದರು, 2001ರಲ್ಲಿ ನೊಬೆಲ್ ಪಾಲು ಪಡೆದರು. ಬಿದರಿಗೆ ಇರುವ, ಇದು ಇದೇ ಊರಿನ ಅಸಲಿ ಮಾಲು ಎಂದು ಹೇಳುವ ಭೌಗೋಳಿಕ ಸೂಚಕದ (ಜಿಐ) ಗುರುತು ಅಲಂಕಾರಕ್ಕಲ್ಲ, ಈ ರೋಗಕ್ಕೆ ಮದ್ದು. ಕೆಲಸ ನಡೆಯುವ ಕೋಣೆಯನ್ನು ತೋರಿಸಿ ಎಂದು ಅಂಗಡಿಯವರನ್ನು ಕೇಳಿ; ಇದ್ದವರು ಖುಷಿಯಿಂದ ತೋರಿಸುತ್ತಾರೆ.

"ಮಗಳ ಮದುವೆಗೆ ಬಂಗಾರ ಕೊಳ್ಳಬೇಕು. ಸರಾಫ್ ಬಜಾರಿನಲ್ಲಿ ಅಂಗಡಿಗಳೆಲ್ಲ ಒಂದರ ಪಕ್ಕ ಒಂದು. ಪೈಪೋಟಿಗೆ ಹೆದರಿ ದೂರ ದೂರ ಇರಬೇಕಲ್ಲವೇ?"
— ಆಳಂದದ ಓದುಗರು

ದೂರ ಇದ್ದರೆ ನೀವು ಆಳಂದದಿಂದ ಬಸ್ ಹತ್ತಿ ಆ ಒಂದು ಅಂಗಡಿಗೆ ಹೋಗುತ್ತಿದ್ದಿರಾ? ಹೋಲಿಸಿ ನೋಡಲು ಬರುವ ಗಿರಾಕಿಯೇ ಅವರ ಆಸ್ತಿ. ಸಾಲಿನಲ್ಲಿದ್ದರೆ ಲಾಭದ ಅಂಚು ತೆಳ್ಳಗಾಗುತ್ತದೆ, ಆದರೆ ಒಂಟಿಯಾಗಿದ್ದರೆ ಗಿರಾಕಿಯೇ ಇಲ್ಲ. ನೀವು ಗಮನಿಸಬೇಕಾದ್ದು ಬೇರೆ. ಗ್ರಾಮಿನ ದರವನ್ನು ಎಲ್ಲರೂ ಹಲಗೆಯ ಮೇಲೆ ಬರೆದಿರುತ್ತಾರೆ, ಅದು ಎಲ್ಲೆಡೆ ಹೆಚ್ಚುಕಡಿಮೆ ಒಂದೇ. ಕಣ್ಣಿಗೆ ಬೀಳುವ ಬೆಲೆಯಲ್ಲಿ ಪೈಪೋಟಿ ಬಲವಾಗಿದ್ದರೆ ಗಳಿಕೆ ಕಣ್ಣಿಗೆ ಬೀಳದ ಕಡೆಗೆ ಸರಿಯುತ್ತದೆ: ಮಜೂರಿ, ಸವಕಲು, ಹರಳಿನ ತೂಕ. ಅದೇ ನಮೂನೆಯ ಸರಕ್ಕೆ ಮೂರು ಅಂಗಡಿಗಳಲ್ಲಿ ಮಜೂರಿಯನ್ನು ಮಾತ್ರ ಕೇಳಿ ಬರೆದುಕೊಳ್ಳಿ, ಹರಳು ತೆಗೆದ ತೂಕವನ್ನು ಬೇರೆ ಬರೆಸಿ, ಹಾಲ್‌ಮಾರ್ಕ್ ನೋಡಿ. ಮೂರನೆಯ ಅಂಗಡಿಯ ಚೀಟಿ ಹಿಡಿದು ಮೊದಲನೆಯದಕ್ಕೆ ವಾಪಸು ಹೋಗಿ. ಆ ಚೀಟಿಯನ್ನು ನೋಡಿ ಅಂಗಡಿಯವರು ನಗುವುದಿಲ್ಲ.